ಭಾವವಿಲ್ಲದ ಗೀತೆ ಯಾವುದು?

ಹಾಡಿನ ಹೆಸರು ಕೇಳುವುದು ಬೇರೆ, ಹಾಡಿನ ಕುಲ ಕೇಳುವುದು ಬೇರೆ. ಮೊದಲನೆಯದು ಪರಿಚಯದ ಮಾತು. ಎರಡನೆಯದು ಪಂಕ್ತಿಭೇದದ ಮಾತು. ನಮ್ಮ ಸಭೆ ಸಮಾರಂಭಗಳಲ್ಲಿ, ಸ್ಪರ್ಧೆಗಳಲ್ಲಿ, ಕಾಲೇಜುಗಳಲ್ಲಿ ಈಗ ಎರಡನೆಯ ಮಾತೇ ಹೆಚ್ಚಾಗಿ ಕೇಳಿಬರುತ್ತಿದೆ ಎಂಬುದು ನನ್ನ ದೂರು. ದೂರನ್ನು ನಮ್ಮವರ ಮೇಲೆ ಹೊರಿಸುವುದಕ್ಕೆ ಮುಂಚೆ ಪರದೇಶದ ಒಂದು ವ್ಯಾಜ್ಯವನ್ನು ಓದುಗರ ಮುಂದಿಡುತ್ತೇನೆ. ದೂರದ ಬೆಟ್ಟ ನುಣ್ಣಗೆ ಕಾಣುವುದುಂಟು. ಕೆಲವೊಮ್ಮೆ ನಮ್ಮ ಮನೆಯ ಜಗಳವೂ ದೂರದಲ್ಲಿಟ್ಟು ನೋಡಿದರೇ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ಕಾಲೇಜಿನಲ್ಲಿ ಪಾಶ್ಚಾತ್ಯ ರಾಕ್ ಸಂಗೀತವನ್ನು ಕೇಳುವ ಹುಡುಗರ ಸಣ್ಣದೊಂದು ಗುಂಪಿದೆ. ಹಳ್ಳಿಮೈಸೂರಿನ ಕಡೆಯಿಂದ, ಅರಕಲಗೂಡಿನ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಬರುವ ಹುಡುಗರು. ಅವರೊಳಗೆ ನಿತ್ಯವೂ ನಡೆಯುವ ಚರ್ಚೆ ಒಂದೇ: 'ಎಮೋ' ಎಂದರೆ ಯಾವುದು? ಮೈ ಕೆಮಿಕಲ್ ರೊಮಾನ್ಸ್ ಎಂಬ ತಂಡದ ಹಾಡು ಎಮೋ ಹೌದೆಂದು ಒಬ್ಬ. ಅದು ಬರಿಯ ಕಪ್ಪು ಅಂಗಿಯ ಫ್ಯಾಷನ್ನು, 'ನಿಜವಾದ ಎಮೋ' ಅದಕ್ಕೂ 20 ವರ್ಷ ಹಿಂದಿನದೆಂದು ಇನ್ನೊಬ್ಬ. ಇದನ್ನು ಕೇಳಿ ಅಧ್ಯಾಪಕರ ಕೊಠಡಿಯಲ್ಲಿ ನಗೆಯೋ ನಗೆ. "ಕೂದಲು ಸೀಳಿ ಲೆಕ್ಕ ಹಾಕುತ್ತಾರಲ್ಲ ಸ್ವಾಮಿ, ಹಾಡು ಚೆನ್ನಾಗಿದೆಯೋ ಇಲ್ಲವೋ ಅದನ್ನು ನೋಡಬಾರದೆ?" ಎನ್ನುತ್ತಾರೆ ಹಿರಿಯರು. ಸರಿಯಾದ ಮಾತೇ. ಆದರೆ ಇದೇ ಹಿರಿಯರು ಭಾವಗೀತೆಯ ಸ್ಪರ್ಧೆಗೆ ತೀರ್ಪುಗಾರರಾಗಿ ಕುಳಿತಾಗ ಏನು ಮಾಡುತ್ತಾರೆ? ಅದೇ ಕೂದಲು, ಅದೇ ಸೀಳು. ಹುಡುಗರು ಸೀಳಿದರೆ ಹಾಸ್ಯ, ನಾವು ಸೀಳಿದರೆ ವಿದ್ವತ್ತು!

ಎಮೋ ಎಂಬ ಹೆಸರಿನ ಕಥೆ ಕೇಳುವಂಥದು. 1985ರ ಸುಮಾರಿಗೆ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಹಾರ್ಡ್‌ಕೋರ್ ಪಂಕ್ ಎಂಬ ಸಂಗೀತವಿತ್ತು. ವೇಗ, ಅಬ್ಬರ, ಸಿಟ್ಟು ಇವು ಅದರ ಲಕ್ಷಣ. ಅದರೊಳಗಿಂದಲೇ ರೈಟ್ಸ್ ಆಫ್ ಸ್ಪ್ರಿಂಗ್, ಎಂಬ್ರೇಸ್ ಮುಂತಾದ ತಂಡಗಳು ಹುಟ್ಟಿ, ಸಿಟ್ಟಿನ ಜಾಗದಲ್ಲಿ ಸಂಕಟವನ್ನೂ ವಿರಹವನ್ನೂ ಪಶ್ಚಾತ್ತಾಪವನ್ನೂ ಹಾಡತೊಡಗಿದವು. ಇದನ್ನು ಏನೆಂದು ಕರೆಯಬೇಕೆಂದು ತೋಚದೆ ಯಾರೋ 'ಇಮೋಷನಲ್ ಹಾರ್ಡ್‌ಕೋರ್' ಎಂದರು. ಅದೇ ಸವೆದು ಎಮೋ ಆಯಿತು. ಭಾವದ ಹಾರ್ಡ್‌ಕೋರು, ಅಷ್ಟೆ. ಆ ಹೆಸರನ್ನು ಹೊತ್ತವರು ಯಾರೂ ಅದನ್ನು ಒಪ್ಪಲಿಲ್ಲ. ಎಂಬ್ರೇಸ್ ತಂಡದ ಇಯಾನ್ ಮಕಾಯ್ ವೇದಿಕೆಯ ಮೇಲೇ ಅದನ್ನು ಹೀಗಳೆದರು. ರೈಟ್ಸ್ ಆಫ್ ಸ್ಪ್ರಿಂಗ್ ತಂಡದ ಗೈ ಪಿಚೊಟ್ಟೊ ಮುಂದೊಮ್ಮೆ ಕೇಳಿದ ಪ್ರಶ್ನೆಯ ತಾತ್ಪರ್ಯವಿದು: ನಮಗಿಂತ ಮುಂಚೆ ಹಾಡಿದವರಿಗೆ ಭಾವವಿರಲಿಲ್ಲವೆ, ಅವರೇನು ಯಂತ್ರಗಳೆ? 1994ರಲ್ಲಿ ಸನ್ನಿ ಡೇ ರಿಯಲ್ ಎಸ್ಟೇಟ್ ತಂಡದ 'ಡೈರಿ' ಬಂದಾಗ ಎಮೋ ಎಂಬುದಕ್ಕೆ ಇನ್ನೊಂದು ಅರ್ಥ ಬಂತು. 2006ರ 'ದಿ ಬ್ಲ್ಯಾಕ್ ಪೆರೇಡ್' ಹೊತ್ತಿಗೆ ಮತ್ತೊಂದು. ಆ ಮೂರನೆಯ ಕಾಲದ ಜೆರಾರ್ಡ್ ವೇ ಕೂಡ ತನಗೆ ಆ ಹೆಸರು ಬೇಡವೆಂದೇ ಹೇಳಿದ. ಹೆಸರು ಒಂದೇ, ಅರ್ಥ ಮೂರು, ಒಪ್ಪಿದವರು ಇಲ್ಲ.

ತಮಾಷೆಯೆಂದು ನಗುವ ಮೊದಲು ಇನ್ನೊಂದು ಸಂಗತಿಯನ್ನು ನೆನೆಯಬೇಕು. 2008ರಲ್ಲಿ ಮೆಕ್ಸಿಕೊ ದೇಶದ ಕೆರೆಟಾರೊ ನಗರದಲ್ಲಿ 'ಎಮೋ'ಗಳೆಂದು ಕಂಡ ಎಳೆಯ ಹುಡುಗರನ್ನು ಗುಂಪುಗಳು ಹಿಡಿದು ಹೊಡೆದವು. 2012ರಲ್ಲಿ ಬಾಗ್ದಾದಿನಲ್ಲಿ ಬಿಗಿ ಉಡುಪು, ನೀಳಗೂದಲಿನ ತರುಣರು ಅದೇ ಹಣೆಪಟ್ಟಿಯ ದೆಸೆಯಿಂದ ಕೊಲೆಯಾದರು. ಅವರು ಯಾವ ಹಾಡು ಕೇಳುತ್ತಿದ್ದರೆಂದು ಕೊಂದವರು ವಿಚಾರಿಸಿರಲಾರರು. ಹಾಡಿಗೆ ಅಂಟಿಸಿದ ಚೀಟಿ ಮನುಷ್ಯನ ಹಣೆಗೂ ಅಂಟೀತು; ಒಮ್ಮೆ ಅಂಟಿದ ಮೇಲೆ ಅದನ್ನು ಓದುವವನ ಕೈಯಲ್ಲಿ ಏನಿರುತ್ತದೆಂದು ಹೇಳಲಾಗದು.

ಈಗ ನಮ್ಮ ಮನೆಗೆ ಬರೋಣ. ಭಾವದ ಹೆಸರನ್ನೇ ಹೊತ್ತ ಗೀತೆ ನಮ್ಮಲ್ಲೂ ಉಂಟಲ್ಲ! 'ಭಾವಗೀತೆ' ಎಂಬುದು ಮೊದಲು ಕಾವ್ಯದ ಹೆಸರು, ಇಂಗ್ಲಿಷಿನ ಲಿರಿಕ್ ಎಂಬುದಕ್ಕೆ ನಾವು ಕೊಟ್ಟುಕೊಂಡ ಪ್ರತಿಪದ. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಹೊರಬಂದು ಆ ಬಗೆಯ ಕವಿತೆಗೆ ದಾರಿಯಾಯಿತು. ಅಲ್ಲಿಂದ ಮುಂದೆ ಕುವೆಂಪು, ಬೇಂದ್ರೆ, ಪುತಿನ, 1942ರ 'ಮೈಸೂರ ಮಲ್ಲಿಗೆ'ಯ ಕೆ. ಎಸ್. ನರಸಿಂಹಸ್ವಾಮಿ ಇವರ ಕೈಯಲ್ಲಿ ಅದು ನಮ್ಮದೇ ಆಯಿತು. ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನೂ ಹಳ್ಳಿಯ ಪದಗಳನ್ನೂ ಒಂದೇ ಕಂಠದಿಂದ, ಒಂದೇ ಕಛೇರಿಯಲ್ಲಿ ಹಾಡಿದರು. ಕುಣಿಗಲ್ ಕೆರೆಯ ಪದವನ್ನು ಕೇಳಿದ ಯಾರೂ ಇದು ಯಾವ ವಿಭಾಗದ್ದೆಂದು ಎದ್ದುನಿಂತು ಕೇಳಲಿಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತು. ಅಲ್ಲಿಂದ ಭಾವಗೀತೆ ಎಂಬುದು ಅಂಗಡಿಯ ಕಪಾಟಿನ ಹೆಸರೂ ಆಯಿತು. ಕಾವ್ಯದ ಹೆಸರು ಕಪಾಟಿನ ಹೆಸರಾದಾಗ ಏನಾಗುತ್ತದೆ? ಕಪಾಟಿಗೆ ಹಿಡಿಸುವ ಅಳತೆಯ ಭಾವ ಒಳಗೆ, ಹಿಡಿಸದ ಭಾವ ಹೊರಗೆ.

ಭರತಮುನಿ ಎಣಿಸಿದ ಸ್ಥಾಯಿಭಾವಗಳು 8: ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ. ನಮ್ಮ ಭಾವಗೀತೆಯ ಕಪಾಟಿನಲ್ಲಿ ಇವುಗಳಲ್ಲಿ ಎಷ್ಟಕ್ಕೆ ಜಾಗವಿದೆ? ರತಿಗೆ ಇದೆ, ಅದೂ ಮೃದುವಾದ ರತಿಗೆ. ಶೋಕಕ್ಕೆ ಇದೆ, ಕಣ್ಣಂಚಿನಲ್ಲಿ ನಿಲ್ಲುವಷ್ಟು ಶೋಕಕ್ಕೆ. ವಿಸ್ಮಯಕ್ಕೆ ಇದೆ, ಬೆಳದಿಂಗಳಿರುವ ತನಕ. ಉತ್ಸಾಹ ಬಂದರೆ ಅದನ್ನು ದೇಶಭಕ್ತಿಗೀತೆಯ ಸಾಲಿಗೆ ಕಳುಹಿಸುತ್ತೇವೆ. ಕ್ರೋಧ ಬಂದರೆ? 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಊರೂರಿನ ಸಭೆಗಳಲ್ಲಿ, ಮೆರವಣಿಗೆಗಳಲ್ಲಿ ತಮಟೆಯೊಡನೆ ಅದರ ಪದ್ಯಗಳನ್ನು ಜನ ಹಾಡಿದರು. ಅದಕ್ಕೆ ನಾವು ಕೊಟ್ಟ ಹೆಸರು 'ಹೋರಾಟದ ಹಾಡು', 'ಕ್ರಾಂತಿಗೀತೆ'. ಅದೇ ಕವಿ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಪ್ರೇಮದ ಹಾಡು ಬರೆದರು. ಅದು ಮಾತ್ರ ಎಲ್ಲ ಮನೆಗಳಿಗೂ ಸಲೀಸಾಗಿ ಒಳಬಂತು. ಪ್ರೀತಿ ಬರೆದರೆ ಭಾವ, ಸಿಟ್ಟು ಬರೆದರೆ ಹೋರಾಟ! ಕ್ರೋಧವೂ ಭಾವವೆಂದು ತರಗತಿಯಲ್ಲಿ ಪಾಠ ಹೇಳುವ ನಾವೇ, ಸಂಜೆ ಸಭೆಯಲ್ಲಿ ಅದನ್ನು ಬಾಗಿಲಾಚೆ ನಿಲ್ಲಿಸುತ್ತೇವೆ.

ಇಲ್ಲಿ ಪರದೇಶದ ಉದಾಹರಣೆ ಕನ್ನಡಿಯಂತೆ ಉಪಯೋಗಕ್ಕೆ ಬರುತ್ತದೆ. ಕನ್ನಡಿಯಲ್ಲಿ ಎಡ ಬಲವಾಗಿ ಕಾಣುವುದಷ್ಟೆ? ಅಲ್ಲಿ ಸಿಟ್ಟು ಮನೆಯ ಮಗ. ಅವನಿಗೆ ಬೇರೆ ಹೆಸರು ಬೇಕಿರಲಿಲ್ಲ. ಅಳು ಬಂದಾಗ ಇದು ಯಾರಪ್ಪಾ ಎಂದು ಚೀಟಿ ಅಂಟಿಸಿದರು. ಇಲ್ಲಿ ನಯವಾದ ಅಳು ಮನೆಯ ಮಗಳು. ಸಿಟ್ಟು ಬಂದಾಗ ಚೀಟಿ ಅಂಟಿಸಿದೆವು. ಯಾವ ಭಾವ ಬಂದರೆ ಸಭ್ಯರಿಗೆ ಕುಳಿತಲ್ಲೇ ಮುಜುಗರವಾಗುತ್ತದೆಯೋ ಆ ಭಾವಕ್ಕೆ ಬೇರೆ ಹೆಸರು, ಬೇರೆ ಪಂಕ್ತಿ. ಚೀಟಿ ಹಾಡಿನ ಗುಣವನ್ನು ಹೇಳುವುದಿಲ್ಲ. ಅಂಟಿಸಿದವನ ಮುಜುಗರವನ್ನು ಹೇಳುತ್ತದೆ. ಇದು ನನ್ನ ವಾದದ ಸಾರ.

ಅಮೆರಿಕದಲ್ಲಿ ಕರಿಯರ ಸಂಗೀತದ ತಟ್ಟೆಗಳನ್ನು ಬಹುಕಾಲ 'ರೇಸ್ ರೆಕಾರ್ಡ್ಸ್' ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ಬೆಟ್ಟಗಾಡಿನ ಬಡ ಬಿಳಿಯರ ಹಾಡಿಗೆ 'ಹಿಲ್‌ಬಿಲಿ', ಎಂದರೆ ಗುಡ್ಡದ ಗಮಾರ. 1949ರಲ್ಲಿ ಬಿಲ್‌ಬೋರ್ಡ್ ಎಂಬ ವ್ಯಾಪಾರದ ಪತ್ರಿಕೆ ಮೊದಲನೆಯದನ್ನು 'ರಿದಮ್ ಅಂಡ್ ಬ್ಲೂಸ್' ಎಂದು ಬದಲಾಯಿಸಿತು. ಗಮಾರರ ಹಾಡೂ ಅದೇ ವರ್ಷ 'ಕಂಟ್ರಿ ಅಂಡ್ ವೆಸ್ಟರ್ನ್' ಆಯಿತು. ಹಾಡಿನಲ್ಲಿ ಒಂದು ಸ್ವರವೂ ಬದಲಾಗಲಿಲ್ಲ. ಬದಲಾದದ್ದು ಕೂಗಿ ಕರೆಯುವವನ ನಾಲಗೆ. ನಮ್ಮ ಹಳ್ಳಿಮೈಸೂರಿನ ಹೆಸರೇ ನೋಡಿ. ನಗರದ ಮೈಸೂರನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ 'ಹಳ್ಳಿ' ಎಂಬ ಗುರುತು ಬೇಕು. ಅಲ್ಲಿಯೇ ಹುಟ್ಟಿ ಉಳುವವನಿಗೆ ಅದು ಬರಿಯ ಊರು.

ಹಾಡುವ ಜನ ತಮ್ಮ ಹಾಡಿಗೆ ಹೆಸರಿಡುವುದಿಲ್ಲವೆ ಎಂದರೆ, ಇಡುತ್ತಾರೆ. ರಾಗಿ ಬೀಸುವ ಪದ, ಸೋಬಾನೆ ಪದ, ಕೋಲಾಟದ ಪದ, ತಂಬೂರಿ ಪದ, ತತ್ವಪದ: ಎಂಥ ಚೊಕ್ಕ ಹೆಸರುಗಳು! ಕೆಲಸದಿಂದ, ಶುಭಕಾರ್ಯದಿಂದ, ಆಟದಿಂದ, ವಾದ್ಯದಿಂದ, ಅರ್ಥದಿಂದ ಹುಟ್ಟಿದ ಹೆಸರುಗಳು. ಸೋಬಾನೆ ಹಾಡುವ ಅಜ್ಜಿ ಅದೇ ಧಾಟಿಯಲ್ಲಿ ಬೀಸುವ ಪದ ಹಾಡಿದರೆ ಅನರ್ಹಳಾಗುವುದಿಲ್ಲ. 'ಸುಗಮ ಸಂಗೀತ' ಎಂಬುದು ಹಾಗೆ ಹುಟ್ಟಿದ್ದಲ್ಲ. ಅದು ಆಕಾಶವಾಣಿಯ ಕಡತದಲ್ಲಿ ಬೆಳೆದದ್ದು. 1952ರಲ್ಲಿ ಕೇಂದ್ರದ ಮಂತ್ರಿಯಾದ ಬಿ. ವಿ. ಕೇಸ್ಕರರು ಸಿನಿಮಾ ಹಾಡನ್ನು ರೇಡಿಯೋದಿಂದ ದೂರವಿಟ್ಟರು. ಅದರ ಜಾಗಕ್ಕೆ ಸಭ್ಯವಾದ ಲಘುಸಂಗೀತ ಬೇಕಾಯಿತು. ಜನ ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಬರಲೇಬೇಕಾಯಿತು. ಆ ಕಡತದಿಂದ ಒಳ್ಳೆಯ ಹಾಡುಗಳು ಬಂದವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕಡತದ ಹೆಸರನ್ನು ಕಲೆಯ ಲಕ್ಷಣವೆಂದು ತಿಳಿಯಬಾರದೆಂಬುದಷ್ಟೇ ನನ್ನ ಮಾತು. ನಮ್ಮ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವತ್ಥರನ್ನು ಸುಗಮ ಸಂಗೀತಗಾರರೆನ್ನುತ್ತೇವೆ. ಆ ಕಂಠದಲ್ಲಿ ಸುಗಮವಾದದ್ದೇನಿತ್ತು? ಎದೆಯನ್ನು ಗುದ್ದಿ ಎಬ್ಬಿಸುವ ಕಂಠವದು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಅಪಾರ ಜನ ಬಂದದ್ದು ವಿಭಾಗದ ಹೆಸರನ್ನು ನೋಡಿಕೊಂಡಲ್ಲ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಇದರ ಪೆಟ್ಟು ಬೀಳುವುದು ಎಳೆಯರ ಮೇಲೆ. ಹಳ್ಳಿಮೈಸೂರು ಹೋಬಳಿಯ ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಗೆ ಹೋದಳು, ನಾನೂ ಜೊತೆಗಿದ್ದೆ. ಅವಳದು ಶಿಶುನಾಳ ಶರೀಫರ ಒಂದು ತತ್ವಪದ. ಗಿಟಾರು ಹಿಡಿಯಲು ಅವಳ ತಮ್ಮ. ಮೊದಲ ದಿನ ಜನಪದ ಗೀತೆಯ ವಿಭಾಗದಲ್ಲಿ ಹೆಸರು ಕೊಟ್ಟಳು. "ಇದಕ್ಕೆ ಕರ್ತೃ ಇದ್ದಾರಮ್ಮ, ಅಂಕಿತವೂ ಇದೆ, ಜನಪದ ಹೇಗಾಗುತ್ತದೆ? ನಾಳೆ ಭಾವಗೀತೆಗೆ ಬಾ" ಎಂದರು. ಮರುದಿನ ಹೋದಳು. "ಇದು ತತ್ವಪದವಲ್ಲವೇನಮ್ಮಾ? ಜನಪದಕ್ಕೆ ಸೇರಬೇಕು, ಅದು ನಿನ್ನೆಯೇ ಮುಗಿಯಿತಲ್ಲ. ಅಲ್ಲದೆ ಈ ಗಿಟಾರು ಬೇರೆ!" ಎಂದರು. "ಸಾರ್, ನಿನ್ನೆಯವರು ಇವತ್ತು ಬಾ ಅಂದ್ರು, ಇವತ್ತಿನವರು ನಿನ್ನೆ ಬರಬೇಕಿತ್ತು ಅಂತಾರೆ. ನಾನು ಯಾವತ್ತು ಹಾಡ್ಲಿ ಸಾರ್?" ಎಂದು ಅವಳು ನನ್ನನ್ನು ಕೇಳಿದಳು. ಉತ್ತರ ಹೇಳಬೇಕಾದವರು ಆಗಲೇ ಮುಂದಿನ ಸ್ಪರ್ಧಿಯ ಹೆಸರು ಕೂಗಿಯಾಗಿತ್ತು. ಅವಳ ಕಂಠ ಹೇಗಿದೆಯೆಂದು ಎರಡು ದಿನಗಳಲ್ಲಿ ಯಾರೂ ಕೇಳಲಿಲ್ಲ. ಸಾವಿರ ರೂಪಾಯಿಯ ಬಹುಮಾನ ಹೋಯಿತೆಂದು ನನ್ನ ಅಳಲಲ್ಲ. ಮತ್ತೆ ಅವಳು ಯಾವ ವೇದಿಕೆಗೂ ಹೆಸರು ಕೊಡಲಿಲ್ಲ. ನನ್ನ ಅಳಲು ಅದು.

ಗಿಟಾರಿನ ಮಾತು ಬಂದದ್ದರಿಂದ ಅದನ್ನೂ ಇತ್ಯರ್ಥ ಮಾಡಿಬಿಡೋಣ. ಪರದೇಶದ ವಾದ್ಯ, ಭಾವಗೀತೆಗೆ ಸಲ್ಲದು ಎಂಬ ಆಕ್ಷೇಪಣೆಯನ್ನು ಹೂಡುವವರ ಮುಂದೆ ಸಾಮಾನ್ಯವಾಗಿ ಒಂದು ಹಾರ್ಮೋನಿಯಂ ಇರುತ್ತದೆ. ಆ ಪೆಟ್ಟಿಗೆಗೆ 1842ರಲ್ಲಿ ಪ್ಯಾರಿಸ್ಸಿನಲ್ಲಿ ಸನ್ನದು ಪಡೆದವನು ದೆಬೆಂ ಎಂಬ ಫ್ರೆಂಚನು. ಅದು ನಮ್ಮ ಸಂಗೀತಕ್ಕೆ ಸಲ್ಲದೆಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಬಹಿಷ್ಕರಿಸಿತು. 1971ರವರೆಗೆ ಆ ನಿಷೇಧ ಸಡಿಲಲಿಲ್ಲ. ಅಂದು ಹಾರ್ಮೋನಿಯಂ ಹೊರಗೆ ನಿಂತಿದ್ದ ಬಾಗಿಲಲ್ಲೇ ಇಂದು ಗಿಟಾರು ನಿಂತಿದೆ. ಒಳಗೆ ಕುಳಿತು ಬೇಡವೆನ್ನುತ್ತಿರುವುದು ಹಾರ್ಮೋನಿಯಂ! ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದದ್ದೂ ಯೂರೋಪಿನಿಂದಲೇ. ಸ್ಯಾಕ್ಸೊಫೋನಿನಲ್ಲಿ ಕದ್ರಿ ಗೋಪಾಲನಾಥರು ಕೃತಿ ನುಡಿಸಿದಾಗ ತ್ಯಾಗರಾಜರಿಗೇನೂ ಕುಂದಾಗಲಿಲ್ಲ. ಇನ್ನು ಲಿರಿಕ್ ಎಂಬ ಮಾತಿನ ಮೂಲವೋ? ಗ್ರೀಕರ 'ಲೈರ್', ಬೆರಳಿನಿಂದ ಮೀಟುವ ತಂತಿವಾದ್ಯ. ಭಾವಗೀತೆಯ ಹುಟ್ಟಿನಲ್ಲೇ ಮೀಟುವ ತಂತಿಯಿದೆ. ವಂಶಾವಳಿ ತೆಗೆದರೆ ಗಿಟಾರೇ ಹತ್ತಿರದ ನೆಂಟ.

ವಾದ್ಯದ ಗದ್ದಲದಲ್ಲಿ ಕವಿಯ ಮಾತು ಮುಳುಗುತ್ತದೆಯೆಂದು ಹೇಳುವವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ಮುಳುಗಿಸುವುದು ವಾದ್ಯದ ಜಾತಿಯಲ್ಲ, ನುಡಿಸುವವನ ಅವಿವೇಕ. ತಬಲಾ ಮುಳುಗಿಸಿದ ಪದ್ಯಗಳನ್ನೂ ನಾವು ಕೇಳಿದ್ದೇವೆ. ಮಾತು ಮುಳುಗಿದರೆ ಅಂಕ ಕಳೆಯಿರಿ. ವಾದ್ಯ ಕಂಡೊಡನೆ ಆಸಾಮಿಯನ್ನೇ ಕಳೆಯಬೇಡಿ.

ಹುಡುಗರ ಪಕ್ಷವೂ ಪೂರಾ ನಿರ್ದೋಷಿಯಲ್ಲ. ರಘು ದೀಕ್ಷಿತರು 2008ರ ತಮ್ಮ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವನ್ನು ಗಿಟಾರಿನೊಡನೆ ಹಾಡಿದರು. ಕನ್ನಡವೇ ಬಾರದ ಊರುಗಳಲ್ಲೂ ಅದಕ್ಕೆ ಜನ ಕುಣಿದರು. ಸಂತೋಷ. ಆದರೆ ಹುಡುಗರು ಅದನ್ನು 'ಫೋಕ್ ರಾಕ್' ಎಂದು ಕರೆದು ಅಲ್ಲಿಗೆ ವಿಚಾರ ಮುಗಿಯಿತೆಂದುಕೊಳ್ಳುತ್ತಾರೆ. ಫೋಕ್ ಎಂದೊಡನೆ ಕರ್ತೃ ಮಾಯ. 1819ರಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವೆಂದು ಒಪ್ಪಿ, 1889ರಲ್ಲಿ ತೀರಿಕೊಂಡ, ಪದಪದಕ್ಕೂ ಅಂಕಿತ ಹಾಕಿದ ಕವಿ ಅನಾಮಧೇಯನಾಗುತ್ತಾನೆ. ಭಾವಗೀತೆಯೆಂದರೆ ಗುರುಪರಂಪರೆ ಮಾಯ. ಜನಪದವೆಂದರೆ ಕವಿ ಮಾಯ. ರಾಕ್ ಎಂದರೆ ಅರ್ಥವೇ ಮಾಯವಾದೀತು. ಒಂದು ಚೀಟಿಗೆ ಬದಲು ಇನ್ನೊಂದು ಚೀಟಿ ಅಂಟಿಸುವುದು ಬಿಡುಗಡೆಯಲ್ಲ.

ನಮ್ಮ ಕನ್ನಡ ಅಧ್ಯಾಪಕ ವರ್ಗವಂತೂ ಚೀಟಿಗಳ ಸಗಟು ವ್ಯಾಪಾರಿ. ನವೋದಯ, ನವ್ಯ, ಬಂಡಾಯ ಎಂದು ಕಪಾಟು ಮಾಡಿ ಕವಿಗಳನ್ನು ಜೋಡಿಸುತ್ತೇವೆ. 1946ರಲ್ಲಿ 'ಭಾವತರಂಗ' ತಂದ ಗೋಪಾಲಕೃಷ್ಣ ಅಡಿಗರೇ 1954ರಲ್ಲಿ 'ಚಂಡೆಮದ್ದಳೆ' ತಂದರು. ನವ್ಯದ ಧುರೀಣರೆಂದು ನಾವು ತರಗತಿಯಲ್ಲಿ ಪಾಠ ಹೇಳುವ ಆ ಅಡಿಗರ ಮೋಹನ ಮುರಳಿಯ ಪದ್ಯವನ್ನು, ನಾಗತಿಹಳ್ಳಿ ಚಂದ್ರಶೇಖರರ ಚಿತ್ರದಲ್ಲಿ ಕೇಳಿದ ಜನ ಭಾವಗೀತೆಯೆಂದೇ ಎದೆಗಿಟ್ಟುಕೊಂಡರು. ಯಾರದು ತಪ್ಪು ಎಂದು ಕೇಳುವುದೇ ವ್ಯರ್ಥ. ಕವಿ ಕಪಾಟಿಗಿಂತ ದೊಡ್ಡವನು.

ವರ್ಗೀಕರಣವೇ ಬೇಡವೆ, ಗ್ರಂಥಾಲಯ ನಡೆಯುವುದು ಹೇಗೆ, ಬಹುಮಾನ ಹಂಚುವುದು ಹೇಗೆ ಎಂದು ಕೇಳುವವರಿದ್ದಾರೆ. ಬೇಕು, ಅವಶ್ಯವಾಗಿ ಬೇಕು. ಆದರೆ ಹೆಸರು ಲಕೋಟೆಯ ಮೇಲಿನ ವಿಳಾಸದಂತಿರಬೇಕು. ವಿಳಾಸವನ್ನು ನೋಡಿ ಅಂಚೆಯವನು ಕಾಗದವನ್ನು ತಲಪಿಸುತ್ತಾನೆಯೇ ಹೊರತು ಒಳಗಿನ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವುದಿಲ್ಲ. ವಿಳಾಸ ಸ್ವಲ್ಪ ತಪ್ಪಿದ್ದರೆ ವಿಚಾರಿಸಿ ಮುಟ್ಟಿಸುತ್ತಾನೆ, ಹರಿದು ಹಾಕುವುದಿಲ್ಲ. ನಮ್ಮ ತೀರ್ಪುಗಾರರಿಗೆ ಆ ಅಂಚೆಯವನಷ್ಟು ದಯೆ ಬೇಡವೆ?

ನಾನು ಕೇಳುವುದು ದೊಡ್ಡದೇನಲ್ಲ. ಸ್ಪರ್ಧೆಯ ಕರಪತ್ರದಲ್ಲಿ 'ಭಾವಗೀತೆ ಮಾತ್ರ' ಎಂಬ ಸಾಲನ್ನು ಹೊಡೆದು 'ಕನ್ನಡ ಪದ್ಯಗಾಯನ' ಎಂದು ಬರೆಯಿರಿ. ಹಾಡುವವರು ಮೊದಲು ಕವಿಯ ಹೆಸರನ್ನೂ, ತಿಳಿದಿದ್ದರೆ ರಾಗ ಹಾಕಿದವರ ಹೆಸರನ್ನೂ ಹೇಳಲಿ. ಕರ್ತೃ ತಿಳಿಯದ ಪದವಾದರೆ ಯಾರಿಂದ ಕಲಿತರೋ ಆ ಅಜ್ಜಿಯ ಹೆಸರನ್ನಾದರೂ ಹೇಳಲಿ. ಶ್ರುತಿಗೆ ಇಷ್ಟು, ಮಾತಿನ ಸ್ಪಷ್ಟತೆಗೆ ಇಷ್ಟು, ಅರ್ಥವನ್ನು ಮುಟ್ಟಿಸಿದ್ದಕ್ಕೆ ಇಷ್ಟು ಎಂದು ಅಂಕ ಕೊಡಿ. ತಮಟೆಯೊಡನೆ ಬಂದವರು, ಗಿಟಾರಿನೊಡನೆ ಬಂದವರು, ಬರಿಗೈಯಲ್ಲಿ ಬಂದವರು, ಎಲ್ಲರೂ ಒಂದೇ ಚಾಪೆಯ ಮೇಲೆ ಕೂರಲಿ. ಎಮೋ ಎಂದು ಕರೆಸಿಕೊಳ್ಳುವ ಹುಡುಗ ಕನ್ನಡದಲ್ಲಿ ತನ್ನ ಸಂಕಟವನ್ನು ಬರೆದು ತಂದರೆ ಅವನೂ ಕೂರಲಿ. ಬರಹ ಸಾಲದಿದ್ದರೆ ಸಾಲದೆಂದು ಹೇಳುವ ಹಕ್ಕು ನಮಗಿದ್ದೇ ಇದೆ. ಆದರೆ ಅದನ್ನು ಕೇಳಿದ ಮೇಲೆ ಹೇಳಬೇಕು. ಕೇಳುವ ಮುಂಚೆ ಕುಲ ವಿಚಾರಿಸುವ ಅಧಿಕಾರವನ್ನು ನಮಗೆ ಯಾವ ಕವಿಯೂ ಕೊಟ್ಟಿಲ್ಲ.